‘ಕೆಪಾಸಿಟಿ’ ಇರುವವರು

ನಾನಾಗ ಹೌಸ್ ಸರ್ಜನ್. ಮೂಳೆ ವಾರ್ಡಿನಲ್ಲಿ ರಾತ್ರಿ ಪಾಳಿ. ತೊಡೆಮೂಳೆ ಮುರಿದು ಟ್ರ್ಯಾಕ್ಷನ್ನಿನಲ್ಲಿ ಮಲಗಿದ್ದ ರೈತರೊಬ್ಬರು ಮೂರನೇ ರಾತ್ರಿ ಎದ್ದು ಕೂತು ಹೊದಿಕೆ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ಬಿಸಾಡತೊಡಗಿದರು. ‘ಇರುವೆ, ಇರುವೆ’ ಅನ್ನುತ್ತಿದ್ದರು. ಮೈಯೆಲ್ಲ ಬೆವರು, ಕೈ ಗಡಗಡ. ಹೆಂಡತಿ ‘ಗಾಳಿ ಸೋಕಿದೆ’ ಎಂದು ದಿಂಬಿನ ಕೆಳಗೆ ಕುಡುಗೋಲು ಇಟ್ಟರು. ನಾನು ಮಾಡಿದ್ದೂ ಹೆಚ್ಚೂಕಡಿಮೆ ಅದೇ ದರ್ಜೆಯದು: ಕೈಕಾಲು ಕಟ್ಟಿಸಿ ಗ್ಲೂಕೋಸ್ ಡ್ರಿಪ್ ಹಾಕಿಸಿದೆ. ‘ಕುಡೀತೀರಾ?’ ಎಂದು ಅಡ್ಮಿಟ್ ಮಾಡುವಾಗ ಯಾರೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ.

ಬೆಳಿಗ್ಗೆ ಹಿರಿಯರು ಚಾರ್ಟ್ ನೋಡಿ ‘ಥಯಮಿನ್ ಎಲ್ಲಯ್ಯ?’ ಎಂದಷ್ಟೇ ಕೇಳಿದರು. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಈ ಬಿ1 ಜೀವಸತ್ವ ಬರಿದಾಗಿರುತ್ತದೆ. ಗ್ಲೂಕೋಸ್ ಉರಿಯುವುದಕ್ಕೂ ಅದೇ ಬೇಕು. ಉಳಿದ ಚೂರುಪಾರೂ ಅಲ್ಲಿ ಖರ್ಚಾಗಿಬಿಟ್ಟರೆ ಕಣ್ಣುಗುಡ್ಡೆ ಸರಿಯಾಗಿ ಹೊರಳುವುದಿಲ್ಲ, ನಡಿಗೆ ತೂರಾಡುತ್ತದೆ, ಕೆಲವರಿಗೆ ಹೊಸ ನೆನಪು ಕೂರುವುದೇ ನಿಂತುಹೋಗುತ್ತದೆ. ಅವರಿಗೆ ಹಾಗಾಗಲಿಲ್ಲ. ಅದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ.

ಮನೋವೈದ್ಯನಾದ ಮೇಲೆ, ಕುಡಿತ ಏಕಾಏಕಿ ನಿಂತರೆ ಮೆದುಳಿಗೆ ಹೀಗೆಲ್ಲ ಆಗುತ್ತದೆಂದು ಮನೆಯವರಿಗೆ ಹೇಗೆ ಹೇಳುವುದು ಅನ್ನುವುದೇ ದೊಡ್ಡ ಪಾಡಾಯಿತು. ಗಾಬಾ, ಗ್ಲುಟಮೇಟ್ ಎಂದು ಮೆದುಳಿನ ರಾಸಾಯನಿಕಗಳ ಹೆಸರು ಹೇಳಿದರೆ ಮುಖ ಮುಖ ನೋಡುತ್ತಾರೆ. ಕೊನೆಗೆ ಕೈಗೆ ಸಿಕ್ಕಿದ್ದು ಹಗ್ಗಜಗ್ಗಾಟ. ಮೆದುಳನ್ನು ತಣ್ಣಗಿಡುವ ಗಾಬಾ ಒಂದು ತಂಡ, ಚುರುಕಾಗಿಡುವ ಗ್ಲುಟಮೇಟ್ ಇನ್ನೊಂದು. ಮದ್ಯ ಬಂದು ಗಾಬಾ ಬದಿಗೆ ಹಗ್ಗ ಹಿಡಿಯುತ್ತದೆ. ದಿನಾ ಹೀಗೇ ಆದರೆ ಮೆದುಳು ಸುಮ್ಮನಿರುತ್ತದೆಯೇ? ಆ ಬದಿಯ ಆಳು ಕಡಿಮೆ ಮಾಡಿ ಎದುರು ಬದಿಗೆ ಸೇರಿಸುತ್ತಾ ಹೋಗುತ್ತದೆ. ಒಂದು ದಿನ ಮದ್ಯ ಏಕಾಏಕಿ ಹಗ್ಗ ಬಿಟ್ಟರೆ ಎದುರು ಬದಿಯವರೆಲ್ಲ ಒಟ್ಟಿಗೆ ಹಿಂದಕ್ಕೆ ಬೀಳುತ್ತಾರೆ. ಆರೇಳು ಗಂಟೆಯಲ್ಲೇ ಕೈನಡುಕ ಶುರು, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಆ ಇರುವೆಗಳು. ‘ಬಿಡಿಸೋಕೆ ಅಂತ ರೂಮಲ್ಲಿ ಕೂಡಿಹಾಕಿದ್ವಿ ಸಾರ್’ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಕೇಳಿದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಡಯಾಜೆಪಾಮ್, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್, ಇವು ಮದ್ಯ ಬಿಟ್ಟ ಜಾಗಕ್ಕೆ ನಾವು ನಿಲ್ಲಿಸುವ ಬಾಡಿಗೆ ಆಳುಗಳು. ದಿನಕ್ಕಿಷ್ಟು ಮಂದಿಯಂತೆ ವಾಪಸ್ ಕಳಿಸುತ್ತೇವೆ. ಥಯಮಿನ್ ಇಂಜೆಕ್ಷನ್ ಮಾತ್ರ ಈಗ ನನ್ನ ಕೈ ತಾನಾಗಿಯೇ ಮೊದಲು ಬರೆಯುತ್ತದೆ.

ಮೆದುಳಿನ ಇನ್ನೊಂದು ರಾಸಾಯನಿಕ ಡೋಪಮೈನ್ ವಿಚಾರ ಇಷ್ಟೊಂದು ಬಿಡಿಸಿ ಹೇಳಬೇಕಾಗಿಲ್ಲ. ‘ಈಗ ಕುಡಿದ್ರೆ ಮಜಾನೂ ಇಲ್ಲ ಸಾರ್, ಆದ್ರೂ ಬಾರ್ ಬೋರ್ಡ್ ಕಂಡ್ರೆ ಕಾಲು ಅತ್ಲಾಗೇ ಹೋಗುತ್ತೆ’ ಎಂದು ಅವರೇ ಹೇಳಿಬಿಡುತ್ತಾರೆ. ಖುಷಿ ಬೇರೆ, ಸೆಳೆತ ಬೇರೆ. ಡೋಪಮೈನ್ ಹೆಚ್ಚಾಗಿ ನೋಡಿಕೊಳ್ಳುವುದು ಎರಡನೆಯದನ್ನು.

ಇನ್ನು ‘ಅಪ್ಪನ ರಕ್ತ’. ಇದನ್ನು ಕೇಳದ ಮನೆಯೇ ಇಲ್ಲ. ಹುಟ್ಟುತ್ತಲೇ ಬೇರೆ ಮನೆಗೆ ದತ್ತು ಹೋದ ಮಕ್ಕಳನ್ನು ಡೆನ್ಮಾರ್ಕಿನಲ್ಲಿ ಹುಡುಕಿ ನೋಡಿದಾಗ, ಹೆತ್ತ ಅಪ್ಪನೋ ಅಮ್ಮನೋ ಕುಡುಕರಾಗಿದ್ದ ಗಂಡುಮಕ್ಕಳಲ್ಲಿ ಈ ಚಟ ಉಳಿದ ದತ್ತುಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು. ಇದು 1973ರಲ್ಲಿ ಪ್ರಕಟವಾಯಿತು. ಅವಳಿಗಳ ಅಧ್ಯಯನಗಳನ್ನೆಲ್ಲ ಕೂಡಿಸಿದರೆ ಪಾಲು ಅರ್ಧಕ್ಕರ್ಧ: ಅರ್ಧ ವಂಶವಾಹಿಯದು, ಅರ್ಧ ಬದುಕಿನದು. ಅದೂ ಒಂದೇ ಜೀನ್ ಅಲ್ಲ, ನೂರಾರು, ಒಂದೊಂದರದೂ ಚಿಟಿಕೆಯಷ್ಟು. ಕಾಪಾಡುವ ಜೀನೂ ಉಂಟು. ಚೀನಾ, ಜಪಾನ್ ಕಡೆ ಬಹಳ ಜನಕ್ಕೆ, ಮದ್ಯ ಮೈಯಲ್ಲಿ ಕರಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಒಡೆಯುವ ಕಿಣ್ವ ಮಂದವಾಗಿದ್ದು, ಒಂದು ಗ್ಲಾಸಿಗೇ ಮುಖ ಕೆಂಪಾಗಿ ಎದೆ ಹೊಡೆದುಕೊಳ್ಳುತ್ತದೆ. ನಮ್ಮಲ್ಲಿ ಅದು ಅಪರೂಪ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ, ಮೇಲೆ ಕುಡಿದರೆ ತರಿಸುವುದೂ ಇದೇ ಅವಸ್ಥೆಯನ್ನು. ‘ಗೊತ್ತಾಗದಂಗೆ ಸಾರಿಗೆ ಬೆರೆಸ್ತೀನಿ, ಬರ್ಕೊಡಿ’ ಎಂದು ಕೇಳುವ ಹೆಂಗಸರಿದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ, ಆದರೂ ಬರೆದುಕೊಡುವುದಿಲ್ಲ. ಗೊತ್ತಿಲ್ಲದೆ ಮೇಲೆ ಒಂದು ಕ್ವಾರ್ಟರ್ ಹಾಕಿದರೆ ಬಿಪಿ ಕುಸಿದು ಜೀವಕ್ಕೇ ಬರಬಹುದು.

ನನ್ನ ಕೇಳುವ ಕ್ರಮವನ್ನೇ ಬದಲಿಸಿದ್ದು ಅಮೆರಿಕದ ಮನೋವೈದ್ಯ ಮಾರ್ಕ್ ಶಕಿಟ್ ಅವರ 1994ರ ವರದಿ. ಕುಡುಕ ತಂದೆಯರ, ಇಪ್ಪತ್ತರ ಆಸುಪಾಸಿನ ಗಂಡುಮಕ್ಕಳಿಗೆ ಅಳೆದು ಮದ್ಯ ಕೊಟ್ಟು, ಎಷ್ಟು ಏರುತ್ತದೆಂದು ನೋಡಿ, ಹತ್ತು ವರ್ಷದ ಬಳಿಕ ಮತ್ತೆ ಹುಡುಕಿದರು. ಅಷ್ಟಾಗಿ ಏರದಿದ್ದವರಲ್ಲಿ ಶೇ. 56 ಮಂದಿ ಚಟಕ್ಕೆ ಬಿದ್ದಿದ್ದರು. ಚೆನ್ನಾಗಿ ಏರಿದ್ದವರಲ್ಲಿ ಶೇ. 14. ಅಂದರೆ ನಮ್ಮೂರುಗಳಲ್ಲಿ ‘ಅವನ ಕೆಪಾಸಿಟಿ ನೋಡಯ್ಯ’ ಎಂದು ಬೆನ್ನು ತಟ್ಟುವುದೇ ಅಪಾಯದ ಗುರುತಿಗೆ. ಬೇಗ ಅಮಲೇರುವವನಿಗೆ ‘ಸಾಕು’ ಎಂದು ಮೈಯೇ ಹೇಳುತ್ತದೆ. ಇವನಿಗೆ ಹೇಳುವವರಿಲ್ಲ. ಹಾಗಾಗಿ ಈಗ ‘ಎಷ್ಟು ಕುಡೀತೀರಿ’ ಅನ್ನುವುದಕ್ಕೂ ಮುಂಚೆ ‘ಮೊದಲ ಸಲ ಕುಡಿದಾಗ ಎಷ್ಟಕ್ಕೆ ತಲೆ ತಿರುಗಿತು?’ ಎಂದು ಕೇಳುತ್ತೇನೆ. ಅದಕ್ಕೆ ಯಾರೂ ಸುಳ್ಳು ಹೇಳುವುದಿಲ್ಲ.

ಕಳೆದ ವರ್ಷ ಅಪ್ಪನನ್ನು ಕರೆತಂದ ಹುಡುಗನೊಬ್ಬ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಬಾಗಿಲ ಹತ್ತಿರ ಹೋದವನು ತಿರುಗಿ ನಿಂತ. ‘ಸಾರ್, ಜಾತ್ರೇಲಿ ಫ್ರೆಂಡ್ಸ್ ಜೊತೆ ಮೂರು ಬಿಯರ್ ಹಾಕ್ದೆ. ಏನೂ ಆಗ್ಲಿಲ್ಲ. ಬೈಕೂ ನಾನೇ ಓಡಿಸ್ದೆ. ಈಗ ನಂಗೆ ಟ್ಯಾಂಕರ್ ಅಂತಾರೆ.’

ಅಲ್ಲಿಯವರೆಗೆ ನೆಲ ನೋಡುತ್ತ ಕೂತಿದ್ದ ಅಪ್ಪ ತಲೆ ಎತ್ತಿದರು.

‘ನಂಗೆ ಹಂಡೆ ಅಂತಿದ್ರು ಕಣೋ’ ಅಂದರು.