ಅಪ್‌ಡೇಟ್ ನಿಂತ ಹಳೇ ಟ್ಯಾಬ್‌ನಲ್ಲಿ ಇಮೇಲ್: ಯಾವುದನ್ನು ತೆಗೆಯಬೇಕು, ಯಾವುದನ್ನು ಇಡಬಹುದು

ದಾವಣಗೆರೆ ಮಂಡಿಪೇಟೆಯ ಗಲ್ಲಾದ ಪಕ್ಕ, ಚನ್ನಗಿರಿಯ ಅಡಿಕೆ ವ್ಯಾಪಾರಿಯ ಮೇಜಿನ ಮೇಲೆ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಎಂಟು ಹತ್ತು ವರ್ಷದ ಟ್ಯಾಬ್ ಇನ್ನೂ ಓಡುತ್ತಿರುತ್ತದೆ. ಪರದೆ ಚೆನ್ನಾಗಿದೆ, ಬಿಲ್ಲು ನೋಡಲು ಸಾಕು. ಅದನ್ನು ಬಿಸಾಡಬೇಕಿಲ್ಲ. ಆದರೆ ಅದರೊಳಗೆ ಯಾವ ಇಮೇಲ್ ಖಾತೆ ಕೂತಿದೆ ಎಂದು ಇವತ್ತೇ ನೋಡಿ. ಜಿಎಸ್‌ಟಿ ಪೋರ್ಟಲ್‌ನ ಒಟಿಪಿ, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ವರ್ಡ್ ಮರೆತಾಗ ಬರುವ ಲಿಂಕ್ ಎಲ್ಲವೂ ಒಂದೇ ವಿಳಾಸಕ್ಕೆ ಬರುತ್ತಿದ್ದರೆ, ಆ ಖಾತೆ ಹಳೇ ಟ್ಯಾಬ್‌ನಲ್ಲಿ ಇರಲೇಬಾರದು. ಟ್ಯಾಬ್‌ಗೆ ಬೇರೆ ಸಣ್ಣ ಖಾತೆ ಮಾಡಿಕೊಡಿ.

ಮೊದಲು ಸೆಟ್ಟಿಂಗ್ಸ್ ತೆರೆದು, ಕೊನೆಯಲ್ಲಿರುವ ‘ಅಬೌಟ್ ಟ್ಯಾಬ್ಲೆಟ್’ ಒತ್ತಿ. ಆಂಡ್ರಾಯ್ಡ್ ಆವೃತ್ತಿಯ ಜೊತೆಗೆ ಸೆಕ್ಯುರಿಟಿ ಪ್ಯಾಚ್‌ನ, ಅಂದರೆ ಸುರಕ್ಷತಾ ದೋಷ ಮುಚ್ಚುವ ಕೊನೆಯ ಅಪ್‌ಡೇಟ್‌ನ, ದಿನಾಂಕವೂ ಅಲ್ಲಿರುತ್ತದೆ. ಆ ಸಾಲೇ ಕಾಣದಿದ್ದರೆ ಟ್ಯಾಬ್ ಬಹುಮಟ್ಟಿಗೆ ಆಂಡ್ರಾಯ್ಡ್ 6ಕ್ಕಿಂತ ಹಳೆಯದು. ದಿನಾಂಕ ವರ್ಷಗಟ್ಟಲೆ ಹಿಂದೆ ನಿಂತಿದ್ದರೆ, ಆಮೇಲೆ ಸಿಕ್ಕ ದೋಷಗಳೆಲ್ಲ ನಿಮ್ಮ ಟ್ಯಾಬ್‌ನಲ್ಲಿ ತೆರೆದೇ ಇವೆ ಎಂದು ತಿಳಿಯಿರಿ.

‘ಮೇಲ್ ಓದುವುದರಲ್ಲಿ ಏನು ಅಪಾಯ’ ಎಂದು ಕೇಳುವವರಿದ್ದಾರೆ. ಈಗಿನ ಮೇಲ್‌ಗಳು ಬಹುತೇಕ ಸಣ್ಣ ವೆಬ್‌ಪುಟಗಳೇ. ಅವನ್ನು ಬಿಡಿಸಿ ತೋರಿಸುವುದು ವೆಬ್‌ವ್ಯೂ ಎಂಬ ಭಾಗ. ಆಂಡ್ರಾಯ್ಡ್ 4.4 ಮತ್ತು ಅದಕ್ಕಿಂತ ಹಿಂದಿನವುಗಳಲ್ಲಿ ಅದು ಸಿಸ್ಟಮ್ಮಿನೊಳಗೇ ಹೊಲಿದುಹೋಗಿದೆ, ಮೇಲ್ ಆಪ್ ಎಷ್ಟೇ ಹೊಸದಾದರೂ ಅದು ಬದಲಾಗುವುದಿಲ್ಲ. 5ರಿಂದ ಈಚೆಗೆ ಅದು ಪ್ಲೇ ಸ್ಟೋರ್ ಮೂಲಕ ಅಪ್‌ಡೇಟ್ ಆಗುತ್ತದೆ, ಆದರೆ ಅದಕ್ಕೂ ಗಡಿಯಿದೆ. ಅದರ ಜೋಡಿಯಾದ ಕ್ರೋಮ್ ಬ್ರೌಸರ್ ಆಂಡ್ರಾಯ್ಡ್ 5ಕ್ಕೆ 95ನೇ ಆವೃತ್ತಿಯಲ್ಲಿ, 6ಕ್ಕೆ 106ರಲ್ಲಿ, 7ಕ್ಕೆ 119ರಲ್ಲಿ ನಿಂತುಬಿಟ್ಟಿದೆ. 4.4ಕ್ಕಂತೂ ಗೂಗಲ್‌ನ ಆಪ್‌ಗಳಿಗೆ ಆಧಾರವಾದ ಗೂಗಲ್ ಪ್ಲೇ ಸರ್ವೀಸಸ್‌ನ ಬೆಂಬಲವೇ 2023ರ ಆಗಸ್ಟ್‌ನಲ್ಲಿ ಮುಗಿಯಿತು. 4.4 ಇರುವ ಟ್ಯಾಬ್‌ನಲ್ಲಿ ಇಮೇಲ್ ಇಡಲೇಬೇಡಿ. ಹಾಡು ಕೇಳಲು, ಫೋಟೊ ತೋರಿಸಲು ಬಳಸಿ.

ಎರಡನೇ ತೊಂದರೆ ಪ್ರಮಾಣಪತ್ರದ್ದು. ಮೇಲ್ ಇರುವ ದೂರದ ಕಂಪ್ಯೂಟರ್, ಅಂದರೆ ಮೇಲ್ ಸರ್ವರ್, ತನ್ನ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತದೆ; ಅದು ಅಸಲಿಯೇ ಎಂದು ಟ್ಯಾಬ್ ತನ್ನೊಳಗಿನ ಪಟ್ಟಿ ನೋಡಿ ತೀರ್ಮಾನಿಸುತ್ತದೆ. ಸ್ವಂತ ಡೊಮೇನ್ (ಸ್ವಂತ ಹೆಸರಿನ ಇಂಟರ್ನೆಟ್ ವಿಳಾಸ) ಇರುವ ಎಷ್ಟೋ ಸಣ್ಣ ಸಂಸ್ಥೆಗಳು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಪ್ರಮಾಣಪತ್ರ ಬಳಸುತ್ತವೆ. ಅದರ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನವುಗಳ ಪಟ್ಟಿಯಲ್ಲಿ ಇಲ್ಲ. ಹಳೇ ಟ್ಯಾಬ್‌ಗಳಿಗಾಗಿ ಇಟ್ಟಿದ್ದ ಅಡ್ಡದಾರಿಯೂ 2024ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಅಲ್ಲಿಂದೀಚೆಗೆ ‘ಪ್ರಮಾಣಪತ್ರ ಸರಿಯಿಲ್ಲ’ ಎಂಬ ಎಚ್ಚರಿಕೆ ಬರುತ್ತದೆ.

ಜನ ಎಡವುವುದು ಇಲ್ಲೇ. ಹಳೇ ಇಮೇಲ್ ಆಪ್‌ನ ಇನ್‌ಕಮಿಂಗ್ ಸೆಟ್ಟಿಂಗ್ಸ್‌ನಲ್ಲಿ ‘ಸೆಕ್ಯುರಿಟಿ ಟೈಪ್’ ಎಂಬ ಚೌಕ ಇರುತ್ತದೆ. ಒತ್ತಿದರೆ ‘ನನ್’, ‘ಎಸ್‌ಎಸ್‌ಎಲ್/ಟಿಎಲ್‌ಎಸ್’, ಅದರ ಕೆಳಗೇ ‘ಎಸ್‌ಎಸ್‌ಎಲ್/ಟಿಎಲ್‌ಎಸ್, ಆಕ್ಸೆಪ್ಟ್ ಆಲ್ ಸರ್ಟಿಫಿಕೇಟ್ಸ್’ ಎಂದು ಬರುತ್ತದೆ. ‘ನನ್’ ಎಂದರೆ ರಕ್ಷಣೆಯೇ ಇಲ್ಲ, ‘ಎಸ್‌ಎಸ್‌ಎಲ್/ಟಿಎಲ್‌ಎಸ್’ ಎಂದರೆ ದಾರಿಯಲ್ಲಿ ಯಾರೂ ಓದದಂತೆ ಮುಚ್ಚಿ ಕಳುಹಿಸುವುದು, ಕೊನೆಯದು ಎಂದರೆ ಯಾವ ಪ್ರಮಾಣಪತ್ರವನ್ನಾದರೂ ಒಪ್ಪುವುದು. ಕೊನೆಯದನ್ನು ಆರಿಸಿದ ಕೂಡಲೇ ಎಚ್ಚರಿಕೆ ಮಾಯ, ಮೇಲ್ ಬರತೊಡಗುತ್ತದೆ. ರಿಪೇರಿ ಅಂಗಡಿಗಳಲ್ಲೂ ಹೀಗೇ ಮಾಡಿಕೊಡುವುದುಂಟು. ಇದರ ಅರ್ಥ, ನಾನೇ ಸರ್ವರ್ ಎಂದು ಯಾರು ಹೇಳಿದರೂ ಟ್ಯಾಬ್ ನಂಬಿ ಪಾಸ್‌ವರ್ಡ್ ಕೊಟ್ಟುಬಿಡುತ್ತದೆ. ಬಸ್ ನಿಲ್ದಾಣದ ವೈಫೈನಲ್ಲಿ ನಡುವೆ ಕೂತವನಿಗೆ ಅಷ್ಟೇ ಸಾಕು. ಈ ಆಯ್ಕೆ ಈಗಾಗಲೇ ಇದ್ದರೆ ತೆಗೆಯಿರಿ, ಪಾಸ್‌ವರ್ಡನ್ನೂ ಬದಲಿಸಿ. ಒಳಬರುವ ಐಮ್ಯಾಪ್‌ಗೆ ಪೋರ್ಟ್ 993, ಹೊರಹೋಗುವ ಎಸ್‌ಎಂಟಿಪಿಗೆ 465 ಅಥವಾ 587 ಇರಲಿ. 110 ಅಥವಾ 143ರ ಜೊತೆ ‘ನನ್’ ಇದ್ದರೆ ಪಾಸ್‌ವರ್ಡ್ ಯಾರಾದರೂ ಓದಬಹುದಾದ ಹಾಗೆ ತೆರೆದೇ ಹೋಗುತ್ತಿದೆ.

ಎಚ್ಚರಿಕೆ ಕಂಡ ತಕ್ಷಣ ಮಾತ್ರ ಒಂದು ಸರಳ ಕಾರಣ ನೋಡಿಕೊಳ್ಳಿ. ಬೀರುವಿನಲ್ಲಿಟ್ಟ ಟ್ಯಾಬ್‌ನ ಬ್ಯಾಟರಿ ಪೂರ್ತಿ ಖಾಲಿಯಾದರೆ ಕೆಲವು ಸಲ ತಾರೀಖು 1970ಕ್ಕೋ ತಯಾರಾದ ವರ್ಷಕ್ಕೋ ಜಾರುತ್ತದೆ. ಆಗ ಎಲ್ಲ ಪ್ರಮಾಣಪತ್ರವೂ ತಪ್ಪೆಂದೇ ಕಾಣುತ್ತದೆ. ತಾರೀಖು ಸರಿಮಾಡಿದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಮೂರನೆಯದು ಲಾಗಿನ್. ಬರೀ ಪಾಸ್‌ವರ್ಡ್ ಕೇಳುವ ಹಳೇ ಆಪ್‌ಗಳಿಗೆ ಜಿಮೇಲ್‌ನ ವೈಯಕ್ತಿಕ ಖಾತೆಗಳು 2022ರ ಮೇ 30ರಿಂದ ಬಾಗಿಲು ಹಾಕಿವೆ. ಔಟ್‌ಲುಕ್ ಖಾತೆಗಳು 2024ರ ಸೆಪ್ಟೆಂಬರ್ 16ರಿಂದ. ಜಿಮೇಲ್‌ನಲ್ಲಿ 16 ಅಕ್ಷರದ ಆಪ್ ಪಾಸ್‌ವರ್ಡ್ ಮಾಡಿಕೊಂಡರೆ ಒಳಗೆ ಹೋಗಬಹುದು. ಆದರೆ ಅದಕ್ಕೆ ಎರಡನೇ ಹಂತದ ಪರಿಶೀಲನೆ ಇರುವುದಿಲ್ಲ, ಸಿಕ್ಕವರಿಗೆ ಇಡೀ ಮೇಲ್ ತೆರೆಯುತ್ತದೆ. ಮುಖ್ಯ ಖಾತೆಗೆ ಅದನ್ನು ಮಾಡಬೇಡಿ.

ಈಗ ಖಾತೆ ಬಿಡಿಸುವ ಕೆಲಸ. ಇದನ್ನು ಅಪ್‌ಡೇಟ್ ಬರುವ ಫೋನ್ ಅಥವಾ ಕಂಪ್ಯೂಟರಿನಲ್ಲೇ ಮಾಡಿ, ಟ್ಯಾಬ್‌ನಲ್ಲಿ ಬೇಡ.

1. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ರಿಕವರಿ ಫೋನ್ ನಂಬರ್ ಈಗ ಬಳಸುವುದೇ ಎಂದು ನೋಡಿ. ನಂಬರ್ ಹಳೆಯದಾಗಿದ್ದರೆ ಮುಂದಿನ ಹಂತದಲ್ಲಿ ನೀವೇ ಹೊರಗುಳಿಯಬಹುದು.
2. ‘ಯುವರ್ ಡಿವೈಸಸ್’ ಪಟ್ಟಿಯಲ್ಲಿ ಟ್ಯಾಬ್ ಹುಡುಕಿ ಸೈನ್ ಔಟ್ ಮಾಡಿ. ಆಮೇಲೆ ಪಾಸ್‌ವರ್ಡ್ ಬದಲಿಸಿ. ಹಳೇ ಆಪ್ ಪಾಸ್‌ವರ್ಡ್‌ಗಳೂ ಅದರೊಂದಿಗೆ ರದ್ದಾಗುತ್ತವೆ.
3. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎರಡನ್ನೂ ತೆರೆದು ನೋಡಿ. ಒಳಹೊಕ್ಕವರು ಮೊದಲು ಮಾಡುವ ಕೆಲಸಗಳಲ್ಲಿ ಇದೂ ಒಂದು: ನಿಮ್ಮ ಮೇಲ್‌ನ ಪ್ರತಿ ತಮ್ಮ ವಿಳಾಸಕ್ಕೆ ಹೋಗುವಂತೆ ಫಿಲ್ಟರ್ ಹಾಕುವುದು. ಪಾಸ್‌ವರ್ಡ್ ಬದಲಿಸಿದರೂ ಆ ಫಿಲ್ಟರ್ ಅಳಿಯುವುದಿಲ್ಲ.
4. ಟ್ಯಾಬ್‌ಗೆಂದೇ ಹೊಸ ಖಾತೆ ತೆರೆಯಿರಿ. ಅದನ್ನು ಬ್ಯಾಂಕಿಗೆ, ಜಿಎಸ್‌ಟಿಗೆ, ಯಾವುದಕ್ಕೂ ಕೊಡಬೇಡಿ.
5. ಮುಖ್ಯ ಖಾತೆಯ ಫಾರ್ವರ್ಡಿಂಗ್‌ನಲ್ಲಿ ಹೊಸ ವಿಳಾಸ ಸೇರಿಸಿ, ಅಲ್ಲಿಗೆ ಬರುವ ಕೋಡ್ ಹಾಕಿ. ಎಲ್ಲವನ್ನೂ ಫಾರ್ವರ್ಡ್ ಮಾಡುವ ಆಯ್ಕೆ ಬೇಡ. ಟ್ಯಾಬ್‌ನಲ್ಲಿ ನೋಡಬೇಕಾದ ಒಬ್ಬೊಬ್ಬ ಕಳುಹಿಸುವವರ ವಿಳಾಸಕ್ಕೂ ಒಂದೊಂದು ಫಿಲ್ಟರ್ ಮಾಡಿ: ಲಾರಿ ಟ್ರಾನ್ಸ್‌ಪೋರ್ಟಿನವರದು, ಮೆಕ್ಕೆಜೋಳ ಕೊಳ್ಳುವವರದು, ಇಷ್ಟೇ. ನೀವು ಹೆಸರಿಸಿ ಆರಿಸಿದವರದು ಮಾತ್ರ ಬರುವುದರಿಂದ ಒಟಿಪಿ ಟ್ಯಾಬ್‌ಗೆ ಹೋಗುವುದೇ ಇಲ್ಲ.

ಟ್ಯಾಬ್‌ನಲ್ಲಿ ಹೊಸ ಖಾತೆ ಹಾಕಿದ ಮೇಲೆ ಚಿತ್ರಗಳು ತಾವಾಗೇ ತೆರೆಯುವುದನ್ನು ನಿಲ್ಲಿಸಿ, ಸಿಂಕ್ ಅವಧಿ (ಎಷ್ಟು ದಿನದ ಮೇಲ್ ಟ್ಯಾಬ್‌ನಲ್ಲಿ ಇರಬೇಕೆಂಬುದು) ಏಳು ದಿನಕ್ಕೆ ಇಳಿಸಿ, ಆರಂಕಿಯ ಪಿನ್ ಹಾಕಿ, ಪ್ಲೇ ಸ್ಟೋರ್ ಬಿಟ್ಟು ಬೇರೆಡೆಯ ಆಪ್ ಹಾಕಲು ಬಿಡುವ ‘ಅನ್‌ನೋನ್ ಸೋರ್ಸಸ್’ ಆಫ್ ಮಾಡಿ. ಆರ್‌ಟಿಒ ಚಲನ್, ಮದುವೆ ಕರೆಯೋಲೆ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲ್ (ಒತ್ತಿದರೆ ಆಪ್ ಹಾಕುವ ಫೈಲ್) ಮುಟ್ಟಬೇಡಿ. ಬ್ಯಾಂಕ್ ಖಾತೆ ನಂಬರ್ ಬದಲಾಗಿದೆ ಎಂದು ಪಾರ್ಟಿಯಿಂದ ಮೇಲ್ ಬಂದರೆ, ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿದ ಮೇಲೆಯೇ ಹಣ ಹಾಕಿ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಐಪ್ಯಾಡ್‌ನಲ್ಲಿ ಬೇರೆ ಬ್ರೌಸರ್ ಹಾಕಿಕೊಂಡು ಪ್ರಯೋಜನವಿಲ್ಲ, ಪುಟ ತೋರಿಸಲು ಒಳಗೆ ಓಡುವುದು ಆಪಲ್‌ನದೇ ಆದ ವೆಬ್‌ಕಿಟ್ ಎಂಬ ಭಾಗ. ಐಪ್ಯಾಡ್ 2 ಮತ್ತು ಮೊದಲ ಮಿನಿ ಐಒಎಸ್ 9ರಲ್ಲಿ ನಿಂತಿವೆ, ಮೊದಲ ಏರ್ 12ರಲ್ಲಿ. ಅವುಗಳಿಗೂ ಬೇರೆ ಖಾತೆಯ ಇದೇ ವ್ಯವಸ್ಥೆ ಮಾಡಿ.

ಟ್ಯಾಬ್ ಮಾರುವಾಗ, ಮಕ್ಕಳಿಗೆ ಕೊಡುವಾಗ ಮೊದಲು ಖಾತೆ ತೆಗೆಯಿರಿ, ಇಲ್ಲದಿದ್ದರೆ ಆಂಡ್ರಾಯ್ಡ್ 5.1ರಿಂದ ಈಚಿನವು ರಿಸೆಟ್ ಆದ ಮೇಲೂ ಹಳೇ ಖಾತೆಯ ಪಾಸ್‌ವರ್ಡ್ ಕೇಳಬಹುದು. ಹಳೇ ಆಂಡ್ರಾಯ್ಡ್‌ನಲ್ಲಿ ಬರೀ ರಿಸೆಟ್ ಮಾಡಿದರೆ ಅಳಿಸಿದ ಮೇಲ್‌ಗಳನ್ನು ಮತ್ತೆ ಎತ್ತಲು ಸಾಧ್ಯ. ಹಾಗಾಗಿ ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ, ಒಳಗಿನದನ್ನೆಲ್ಲ ಬೇರೆಯವರು ಓದಲಾಗದ ಸಂಕೇತಕ್ಕೆ ತಿರುಗಿಸುವ ‘ಎನ್‌ಕ್ರಿಪ್ಟ್ ಟ್ಯಾಬ್ಲೆಟ್’ ಒತ್ತಿ, ಅದು ಮುಗಿದ ಮೇಲೆ ರಿಸೆಟ್ ಮಾಡಿ. ಚಾರ್ಜ್ ಶೇಕಡಾ 80ಕ್ಕಿಂತ ಮೇಲಿರಲಿ, ಚಾರ್ಜರ್ ಹಾಕಿಯೇ ಇರಲಿ. ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು, ನಡುವೆ ನಿಂತರೆ ಒಳಗಿನದೆಲ್ಲ ಹೋಗುತ್ತದೆ. ಉಳಿಸಿಕೊಳ್ಳಬೇಕಾದ ಫೋಟೊ, ಬಿಲ್ಲುಗಳನ್ನು ಮೊದಲೇ ಬೇರೆ ಕಡೆ ತೆಗೆದಿಟ್ಟುಕೊಂಡು, ಕರೆಂಟ್ ಹೋಗಿ ಬರುವ ಹೊತ್ತು ಬಿಟ್ಟು ಶುರುಮಾಡಿ.