ಆರಿದ್ರಾ ಮಳೆಗೆ ನೀಲಿಯಾದ ಕಲ್ಲು

ಕಲ್ಲು ಕೂಡಿಡುವುದು ನನ್ನ ಹುಚ್ಚು. ಹೋದ ವರ್ಷ ಚಾಲ್ಕೊಸಯನೈಟ್ ಅನ್ನುವ ತಾಮ್ರದ ಖನಿಜದ ಒಂದು ಚೂರು ತರಿಸಿದೆ. ರಷ್ಯಾದ ಕಮ್ಚಾಟ್ಕಾದ ಟೋಲ್ಬಾಚಿಕ್ ಜ್ವಾಲಾಮುಖಿಯದ್ದು. 1975-76ರಲ್ಲಿ ಅದು ಸಿಡಿದಾಗ ಎದ್ದ ಗುಡ್ಡಗಳಲ್ಲಿ ಬಿಸಿ ಅನಿಲ ಉಗುಳುವ ಬಿರುಕುಗಳಿವೆ. ಆ ಅನಿಲದಲ್ಲೇ ತಾಮ್ರ ಮೇಲೆ ಬರುತ್ತದೆ. ಬಿರುಕಿನ ಬಾಯಲ್ಲಿ ಗಂಧಕ, ಆಮ್ಲಜನಕದ ಜೊತೆ ಸೇರಿ ಹರಳಾಗುತ್ತದೆ.

ಚಿಕ್ಕ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಕಳಿಸಿದ್ದರು. ಒಳಗೆ ಸಾಸಿವೆಗಿಂತ ಸಣ್ಣ, ತಿಳಿಹಸಿರು ಹರಳುಗಳು. ಹೊರಗೆ ಆರಿದ್ರಾ ಮಳೆ ಹೊಯ್ಯುತ್ತಿತ್ತು. ಮುಚ್ಚಳ ತೆಗೆದು ಲೆನ್ಸ್‌ನಲ್ಲಿ ನೋಡಿದೆ. ಊಟಕ್ಕೆ ಕರೆದರು, ಎದ್ದು ಹೋದೆ. ಡಬ್ಬಿ ರಾತ್ರಿಯಿಡೀ ತೆರೆದೇ ಇತ್ತು.

ಬೆಳಿಗ್ಗೆ ನೋಡಿದರೆ ಹರಳಿನ ಅಂಚಿಗೆಲ್ಲ ತೆಳು ನೀಲಿ. ಗಾಬರಿಯಲ್ಲಿ ಮುಚ್ಚಿಟ್ಟೆ. ಏನು ಪ್ರಯೋಜನ? ಒಳಗೆ ಸೇರಿದ್ದೂ ಅದೇ ತೇವದ ಗಾಳಿ ಅಲ್ವಾ! ವಾರದಲ್ಲಿ ಪೂರ್ತಿ ನೀಲಿಯಾಯಿತು.

ಆ ನೀಲಿ ನನಗೆ ಹೊಸದಲ್ಲ. ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಸುಣ್ಣದ ಜೊತೆ ಕಲಸಿ ಹೊಡೆಯುವ ಮೈಲುತುತ್ತದ್ದೇ ನೀಲಿ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್ ಜೊತೆಗೆ ಐದು ಅಣು ನೀರು. ಖನಿಜವಾಗಿ ಸಿಕ್ಕರೆ ಅದರ ಹೆಸರು ಚಾಲ್ಕಾಂತೈಟ್. ಚಾಲ್ಕೊಸಯನೈಟ್ ಅಂದರೆ ಅದೇ ಸಲ್ಫೇಟ್, ನೀರಿಲ್ಲದ್ದು. ಜ್ವಾಲಾಮುಖಿಯ ಅನಿಲದಲ್ಲಿ ನೀರಾವಿ ಇದ್ದರೂ ಆ ಬಿಸಿಗೆ ಅದು ಹರಳಿನೊಳಗೆ ಸೇರುವುದಿಲ್ಲ. ನಮ್ಮ ಮಳೆಗಾಲದಲ್ಲಿ ಗಾಳಿಯೇ ನೀರು.

ಮತ್ತೆ ಬಿಸಿ ಮಾಡಿದರೆ ಕಲ್ಲು ಮೊದಲಿನಂತೆ ಆಗಬಹುದೇ? ಮೊದಲು ಮೈಲುತುತ್ತದ ಮೇಲೇ ನೋಡೋಣ ಅಂದುಕೊಂಡೆ. 10 ಗ್ರಾಂ ತೂಗಿ, ಪಿಂಗಾಣಿ ಬಟ್ಟಲಿಗೆ ಹಾಕಿ, ಅಂಗಳದಲ್ಲಿ ಸಣ್ಣ ಉರಿಯಲ್ಲಿಟ್ಟೆ. (ಅಡುಗೆಮನೆಯಲ್ಲಿ ಬೇಡವೇ ಬೇಡ, ಇದು ವಿಷ.) ನೀಲಿ ಮೊದಲು ಮಸುಕಾಯಿತು. ಕೊನೆಯ ನೀರು ಹೋಗಲು ಸುಮಾರು 200 ಡಿಗ್ರಿ ಬೇಕು. ಉಳಿದದ್ದು 6.4 ಗ್ರಾಂ ಬಿಳಿ ಪುಡಿ. ಮೂರನೇ ಒಂದು ಪಾಲಿಗಿಂತ ಜಾಸ್ತಿ ಬರೀ ನೀರೇ ಇತ್ತು! ತಣ್ಣಗಾದ ಮೇಲೆ ಒಂದು ಹನಿ ನೀರು ಬಿಟ್ಟೆ. ಚುಸ್ ಅಂತು, ಅಲ್ಲಷ್ಟೇ ನೀಲಿಯಾಯಿತು, ಬಟ್ಟಲಿನ ತಳ ಬೆಚ್ಚಗಾಯಿತು.

ಆದರೆ ಪುಡಿ, ಪುಡಿಯೇ. ನೀರು ಹೊರಟಾಗ ಹರಳಿನ ಆಕಾರವೂ ಹೋಗಿತ್ತು. ಕಮ್ಚಾಟ್ಕಾದ ಚೂರನ್ನು ಬಿಸಿ ಮಾಡುವ ಆಸೆ ಅಲ್ಲಿಗೇ ಬಿಟ್ಟೆ.

ಚಾಲ್ಕೊಸಯನೈಟ್‌ನ ಹಳೆಯ ಹೆಸರು ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು. 19ನೇ ಶತಮಾನದಲ್ಲಿ ವೆಸುವಿಯಸ್ ಜ್ವಾಲಾಮುಖಿಯಲ್ಲಿ ಇದನ್ನು ಗುರುತಿಸಿದ ಇಟಲಿಯ ಖನಿಜತಜ್ಞ ಆರ್ಕಾಂಜೆಲೊ ಸ್ಕಾಕ್ಕಿ ಇದನ್ನು ಕರೆದದ್ದು ಹೈಡ್ರೋಸಯನೈಟ್ ಅಂತ. ನೀರು ತಾಗಿದರೆ ನೀಲಿ ಅನ್ನುವುದು ಹೆಸರಲ್ಲೇ ಇದೆ. ಇದರ ಜೊತೆಗಾರ ಖನಿಜ ಡೊಲೆರೊಫನೈಟ್‌ಗೂ ಅವರೇ ಹೆಸರಿಟ್ಟರು. ಗ್ರೀಕಿನಲ್ಲಿ ಮೋಸದ ರೂಪ ಅಂತ ಅರ್ಥ. ಅದೂ ತಾಮ್ರದ ಸಲ್ಫೇಟೇ, ಬಣ್ಣ ಮಾತ್ರ ಕಂದು.

ಈಗ ಇಂಥ ಕಲ್ಲುಗಳನ್ನು ರಬ್ಬರ್ ಮುಚ್ಚಳದ ಗಾಜಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಮಳೆ ಶುರುವಾದ ಮೇಲೆ ತೆರೆಯುವುದಿಲ್ಲ, ಗಾಜಿನಾಚೆಯಿಂದಲೇ ದರ್ಶನ. ಒಂದು ತಮಾಷೆ ಅಂದರೆ, ನನ್ನ ಜೆಲ್ ಒಣಗಿದ್ದಾಗ ನೀಲಿ, ತೇವ ಹೀರಿದರೆ ಗುಲಾಬಿ. ಒಂದೇ ಡಬ್ಬಿಯಲ್ಲಿ ಒಂದು ನೀಲಿ ಸಮಾಧಾನ, ಇನ್ನೊಂದು ನೀಲಿ ಎದೆನೋವು. ಹಳೆಯ ಚೂರನ್ನು ಎಸೆದಿಲ್ಲ. ಚೀಟಿಯಲ್ಲಿ ಚಾಲ್ಕೊಸಯನೈಟ್ ಹೊಡೆದುಹಾಕಿ, ಕೆಳಗೆ ಚಾಲ್ಕಾಂತೈಟ್ ಅಂತ ಬರೆದಿದ್ದೇನೆ.