ಆರತಿ ನೀರಿನಿಂದ ಆಲೆಮನೆವರೆಗೆ ಆಮ್ಲದ ಪಾಠ

ಲ್ಯಾಬಿನಲ್ಲಿ ಆಮ್ಲ, ಪ್ರತ್ಯಾಮ್ಲ ಗುರುತಿಸುವ ಲಿಟ್ಮಸ್ ಮುಗಿದಿದೆ ಎಂದು ಹತ್ತನೇ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠವನ್ನು ಬೋರ್ಡಿನ ಮೇಲೇ ಮುಗಿಸಬೇಕಿಲ್ಲ. ಮಂಡ್ಯದ ಕಡೆಯ ಹೈಸ್ಕೂಲಿಗೆ ದಾಸವಾಳ, ಅರಿಶಿನ, ಎಲೆಅಡಿಕೆ ಸುಣ್ಣ, ಕಬ್ಬು ಯಾವುದಕ್ಕೂ ಬರವಿಲ್ಲ. ಹುಳಿ, ಕ್ಷಾರದ ಮಟ್ಟವನ್ನು ಬಣ್ಣದಿಂದ ತೋರಿಸುವ ಪಿಎಚ್ ಕಾಗದದ ಒಂದು ಪುಸ್ತಕ ಮಾತ್ರ ಕೊಂಡು ತರಬೇಕು (7 ಎಂದರೆ ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ). ಎರಡು ಪೀರಿಯಡ್ ಒಟ್ಟಿಗೆ ಸಿಗುವ ದಿನ ನೋಡಿಕೊಳ್ಳಿ.

ಹಿಂದಿನ ದಿನದ ಕೆಲಸ: ಒಂದು ಚಮಚ ಎಲೆಅಡಿಕೆ ಸುಣ್ಣವನ್ನು ಬಾಟಲಿ ನೀರಿಗೆ ಕದಡಿ, ಮುಚ್ಚಿಡಿ. ಬೆಳಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಸುಟ್ಟ ಸುಣ್ಣದ ಹರಳು ಮಕ್ಕಳ ಕೈಗೆ ಬೇಡವೇ ಬೇಡ. ನೀರು ಬಿದ್ದರೆ ಕೊತಕೊತ ಕುದಿಯುತ್ತದೆ.

ಅಂದು ಬೆಳಗ್ಗೆ: ಕಡುಗೆಂಪು ದಾಸವಾಳದ ಹತ್ತು ಹನ್ನೆರಡು ಹೂ ಬಿಡಿಸಿ, ಎಸಳನ್ನು ಒಂದು ಲೋಟ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ. ಎಸಳು ಬಿಳಚಿಕೊಂಡು ನೀರಿಗೆ ಬಣ್ಣ ಇಳಿದ ಮೇಲೆ ಬಟ್ಟೆಯಲ್ಲಿ ಸೋಸಿ. ನಾಳೆಗೆಂದು ಎತ್ತಿಡಬೇಡಿ, ಕೆಡುತ್ತದೆ.

ತರಗತಿಯಲ್ಲಿ ಮೊದಲು ಅರಿಶಿನದ ನೀರು. ಅದಕ್ಕೆ ಸುಣ್ಣದ ತಿಳಿ ಬೀಳುತ್ತಲೇ ಕೆಂಪಾಗುತ್ತದೆ. ‘ಆರತಿ ನೀರು ಮೇಡಂ!’ ಎಂದು ಯಾರಾದರೂ ಕೂಗೇ ಕೂಗುತ್ತಾರೆ. ‘ಸರಿ, ಇದಕ್ಕೆ ನಿಂಬೆಹಣ್ಣು ಹಿಂಡಿದ್ರೆ?’ ಎಂದು ಕೇಳಿ, ಆದರೆ ಹಿಂಡಬೇಡಿ. ಎಲ್ಲರೂ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಬರೆಯದವರಿಗೆ ಡ್ರಾಪರ್ ಇಲ್ಲ! ಈ ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಊಹೆಯಿಲ್ಲದೆ ನೋಡಿದ ಬಣ್ಣ ಬರೀ ತಮಾಷೆಯಾಗಿ ಹೋಗುತ್ತದೆ. ಹಿಂಡಿದಾಗ ನೀರು ಮತ್ತೆ ಹಳದಿಗೆ ಮರಳುತ್ತದೆ. ಅರಿಶಿನ ಬರೀ ನೀರಿನಲ್ಲೂ ಹಳದಿ, ಹುಳಿಯಲ್ಲೂ ಹಳದಿ. ಹಾಗಾಗಿ ಆಮ್ಲವನ್ನು ಗುರುತಿಸಲು ಅದು ಸಾಲದು.

ಆಗ ದಾಸವಾಳದ ನೀರು ಹಂಚಿ. ನಾಲ್ಕೈದು ಮಕ್ಕಳ ಗುಂಪು, ಗುಂಪಿಗೊಂದು ಬಿಳಿ ಹಾಳೆ, ಅದರ ಮೇಲೆ ಬಾಟಲಿಗಳ ಬಿಳಿ ಮುಚ್ಚಳ. ಹುಣಸೆ ನೀರು, ನಿಂಬೆರಸ, ಅಡುಗೆ ಸೋಡಾ, ಸೋಪಿನ ನೀರು ಒಂದೊಂದರಲ್ಲಿ. ಹುಳಿಯಿದ್ದಲ್ಲಿ ಗಾಢ ಗುಲಾಬಿ, ಸೋಡಾ ಸೋಪುಗಳಲ್ಲಿ ಹಸಿರು. ಯಾವುದನ್ನೂ ಬಾಯಿಗೆ ಹಾಕಬಾರದು, ನಿಂಬೆರಸವನ್ನೂ.

ಇನ್ನು ಕಬ್ಬಿನ ಹಾಲು. ಗಾಡಿಯಿಂದ ತರಿಸುವುದಾದರೆ ನಿಂಬೆ, ಶುಂಠಿ ಹಾಕಿಸಬೇಡಿ. ಹಾಕಿದರೆ ಪಾಠ ಹಳ್ಳ ಹಿಡಿಯಿತು. ಹಾಲಿಗೆ ತನ್ನದೇ ಬಣ್ಣ ಇರುವುದರಿಂದ ದಾಸವಾಳ ಇಲ್ಲಿ ಕೈಕೊಡುತ್ತದೆ. ಪಿಎಚ್ ಕಾಗದ ಅದ್ದಿ: ತಾಜಾ ಹಾಲು 5ರ ಆಸುಪಾಸು ತೋರಿಸುತ್ತದೆ. ಇಷ್ಟು ಸಿಹಿಯಾದದ್ದು ಆಮ್ಲವೇ ಎಂದು ಮಕ್ಕಳು ತಕರಾರು ತೆಗೆಯಲಿ. ಎರಡು ಚಮಚ ಹಾಲಿಗೆ ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬಿಡುತ್ತ, ಐದೈದು ಹನಿಗೊಮ್ಮೆ ಹೊಸ ಕಾಗದ ಅದ್ದಿ, 7 ಮುಟ್ಟುವವರೆಗೆ ಎಣಿಸಲಿ. ಗುಂಪಿನಿಂದ ಗುಂಪಿಗೆ ಲೆಕ್ಕ ಹೊಂದುವುದಿಲ್ಲ. ಡ್ರಾಪರ್ ಬೇರೆಯೇ, ಚಮಚ ತುಂಬಿದ್ದು ಹೆಚ್ಚುಕಡಿಮೆಯೇ ಎಂದು ಅವರೇ ಜಗಳವಾಡಿ ಪತ್ತೆಹಚ್ಚಲಿ, ನೀವು ನಡುವೆ ಬಾಯಿ ಹಾಕಬೇಡಿ.

ಆಲೆಮನೆಯಲ್ಲಿ ಕೊಪ್ಪರಿಗೆಗೆ ಸುಣ್ಣ ಹಾಕುವುದು ಇದೇ ಕಾರಣಕ್ಕೆ. ಹುಳಿ ಉಳಿದ ಹಾಲನ್ನು ಕಾಯಿಸಿದರೆ ಅದರ ಸುಕ್ರೋಸ್ ಒಡೆದು ಗ್ಲುಕೋಸ್, ಫ್ರಕ್ಟೋಸ್ ಆಗುತ್ತದೆ. ಬೆಲ್ಲ ಗಟ್ಟಿಕಟ್ಟದೆ ಅಂಟಂಟಾಗುತ್ತದೆ. ಸುಣ್ಣ ಹುಳಿಯನ್ನು ಮುರಿಯುವುದಲ್ಲದೆ, ಕಲ್ಮಶವನ್ನು ಒಟ್ಟುಗೂಡಿಸಿ ತೆಗೆಯುವುದಕ್ಕೂ ನೆರವಾಗುತ್ತದೆ. ಅತಿಯಾದರೆ ಬೆಲ್ಲ ಕಪ್ಪಾಗುತ್ತದೆ. ಅಪ್ಪನಿಗೋ ಚಿಕ್ಕಪ್ಪನಿಗೋ ಆಲೆಮನೆ ಇರುವ ಹುಡುಗ ತರಗತಿಯಲ್ಲಿದ್ದರೆ ಈ ಭಾಗವನ್ನು ಅವನಿಗೇ ಬಿಟ್ಟುಕೊಡಿ.

ಮರುದಿನಕ್ಕೆ ಮನೆಗೆಲಸ: ನಾಲೆಯ ಕೊನೆಭಾಗದಲ್ಲಿ ಜಮೀನಿರುವವರು ಹಿಡಿ ಮಣ್ಣು ತರಲಿ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಭಟ್ಟಿ ಇಳಿಸಿದ ನೀರು ಬೆರೆಸಿ, ಅರ್ಧ ಗಂಟೆ ಬಿಟ್ಟು, ತಿಳಿಗೆ ಪಿಎಚ್ ಕಾಗದ ಅದ್ದಿ. ಬೋರ್‌ವೆಲ್ ನೀರು ತಾನೇ ಕ್ಷಾರವಾಗಿರಬಹುದು, ಅದು ಬೇಡ. ಎಂಟೂವರೆ ದಾಟಿದರೆ ಚೌಳಿನ, ಅಂದರೆ ಕ್ಷಾರ ಹೆಚ್ಚಾದ ಮಣ್ಣಿನ, ಗುಮಾನಿ. ಆದರೆ ಕಾಗದದ ಬಣ್ಣ ನೋಡಿಯೇ ಯಾರೂ ಚೌಳು ಸರಿಪಡಿಸಲು ಬಳಸುವ ಜಿಪ್ಸಂ ಸುರಿಯಬಾರದು, ಮಾದರಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿಸುವಂತೆ ಮನೆಯಲ್ಲಿ ಹೇಳಲಿ.